ಅಕ್ಕಿಯಲ್ಲಿ ಕಂಡ ನಾಯಿ

ಮಾರ್ಚ್ 11

ಅತ್ತೆಯವರಿಗೆ,

ಮನೆ ಬಿಟ್ಟು ಬಂದ ಮೇಲೆ ಬರೆಯುತ್ತಿರುವ ಮೊದಲ ಪತ್ರ ಇದು. ನಾವಿಬ್ಬರೂ ಚೆನ್ನಾಗಿದ್ದೇವೆ. ಎಲ್ಲಿದ್ದೇವೆ ಎಂದು ಮಾತ್ರ ತಿಳಿಸುವುದಿಲ್ಲ. ತೈವಾನ್ ಏನು ಮಹಾ ದೊಡ್ಡದೇ? ನಿಮ್ಮ ಮಗ ಮನಸ್ಸು ಮಾಡಿದರೆ ಬೈಕ್ ಹತ್ತಿ ಬಂದು ಹುಡುಕಿಬಿಡುತ್ತಾನೆ. ಲಕೋಟೆಯ ಮೇಲಿರುವುದು ನಮ್ಮಂಥ ತಾಯಿ ಮಕ್ಕಳಿಗೆ ನೆರವಾಗುವ ಕೇಂದ್ರದ ವಿಳಾಸ. ಅಲ್ಲಿಗೆ ಬರೆದರೆ ನನಗೆ ತಲುಪಿಸುತ್ತಾರೆ.

ಆನ್‌ಆನ್ ಈಗ ಎರಡನೇ ತರಗತಿ. ವಾರಕ್ಕೊಮ್ಮೆ ಕೇಂದ್ರದಲ್ಲಿ ಲಾಯ್ ಟೀಚರ್ ಎಂಬುವರ ಬಳಿ ಹೋಗುತ್ತಾಳೆ. ಟೀಚರ್ ಎಂದರೆ ಪಾಠ ಹೇಳುವವರಲ್ಲ. ಮನೆಯಲ್ಲಿ ಹೊಡೆತ ಬಡಿತ ನೋಡಿ ಬೆಳೆದ ಮಕ್ಕಳ ಜೊತೆ ಕೂತು ಆಡುವುದೇ ಅವರ ಕೆಲಸ. ಒಂದು ಕೋಣೆ, ಅದರಲ್ಲಿ ಮರಳಿನ ತೊಟ್ಟಿ, ಗೊಂಬೆಗಳು, ಬಣ್ಣ. ಮಗು ಏನು ಬೇಕಾದರೂ ಆಡಲಿ, ಅವರು ನಡುವೆ ಬಾಯಿ ಹಾಕುವುದಿಲ್ಲ. ಬಾಯಲ್ಲಿ ಹೇಳಲಾಗದ್ದನ್ನು ಮಕ್ಕಳು ಆಟದಲ್ಲಿ ಹೇಳುತ್ತಾರಂತೆ.

ಇವಳು ಏನು ಆಡುತ್ತಾಳೆ ಗೊತ್ತೇ? ನಿಮ್ಮನ್ನೇ ಆಡುತ್ತಾಳೆ. ಗೊಂಬೆಯ ಅಂಗಿ ಬಿಚ್ಚಿ, ಲೋಟಕ್ಕೆ ಮರಳು ತುಂಬಿ, ಅದನ್ನು ಅಂಗಿಯಲ್ಲಿ ಬಿಗಿಯಾಗಿ ಕಟ್ಟಿ ಗೊಂಬೆಯ ನೆತ್ತಿಯ ಮೇಲೆ ಸುತ್ತಿಸುತ್ತಾಳೆ. "ಬಾ, ಹೆದರ್ಬೇಡ, ಮನೆಗೆ ಬಾ" ಅನ್ನುತ್ತಾಳೆ. ಆಮೇಲೆ ಬಟ್ಟೆ ಬಿಚ್ಚಿ, ನೀವು ಅಕ್ಕಿ ನೋಡುವ ಹಾಗೆಯೇ ಒಂದು ಕಣ್ಣು ಕಿರಿದು ಮಾಡಿ ಮರಳು ನೋಡುತ್ತಾಳೆ. ನೋಡಿ, "ನಾಯಿ" ಅನ್ನುತ್ತಾಳೆ. ಅಮ್ಮ ಗೊಂಬೆಗೂ ನಾಯಿ, ಪಾಪು ಗೊಂಬೆಗೂ ನಾಯಿ, ಪೊಲೀಸ್ ಗೊಂಬೆಗೂ ನಾಯಿ. ಇಷ್ಟು ತಿಂಗಳಾದರೂ ಅಪ್ಪನ ಬಗ್ಗೆ ಒಂದು ಮಾತಿಲ್ಲ. "ಏನಮ್ಮಾ ಇದು ನಾಯಿ ಕಥೆ?" ಎಂದು ಟೀಚರ್ ನನ್ನನ್ನು ಕೇಳಿದರು.

ನಮ್ಮತ್ತೆ ಊರ ಮಕ್ಕಳಿಗೆಲ್ಲ ಬೆದರು ತೆಗೆಯುವವರು, ಮಗು ಯಾವುದಕ್ಕೆ ಹೆದರಿದೆ ಎಂದು ಅಕ್ಕಿ ನೋಡಿ ಹೇಳುವವರು, ಮೊಮ್ಮಗಳು ಬೆಚ್ಚಿಬಿದ್ದಾಗಲೂ ತೆಗೆಯುತ್ತಿದ್ದರು, ಪ್ರತಿ ಸಲವೂ ಅಕ್ಕಿಯಲ್ಲಿ ನಾಯಿಯೇ ಕಾಣುತ್ತಿತ್ತು ಎಂದೆ. ಹೇಳುತ್ತಾ ಹೇಳುತ್ತಾ ನಾಚಿಕೆಯಾಯಿತು ಅತ್ತೆ. ಮಹಡಿಯ ಮೇಲೆ ನನಗೆ ಬೀಳುತ್ತಿದ್ದ ಏಟಿನ ಸದ್ದು ಕೆಳಗೆ ನಿಮಗೂ ಕೇಳುತ್ತಿತ್ತು. ಮಗು ನಡುವೆ ಮೆಟ್ಟಿಲ ಮೇಲೆ ಕೂತಿರುತ್ತಿತ್ತು. ಬೆಳಗ್ಗೆ ನೀವು ನಾಯಿ ಅಂದಿರಿ. ನಾನೂ ಉದ್ದ ತೋಳಿನ ಅಂಗಿ ತೊಟ್ಟು ಗಂಜಿ ಬಡಿಸುತ್ತಾ "ಹೂಂ, ನಾಯೀನೇ" ಅಂದೆ. ತಪ್ಪು ನಿಮ್ಮೊಬ್ಬರದೇ ಅಲ್ಲ.

ನಿಮ್ಮ ಮಗ ಒಂದು ಶನಿವಾರ ಬಿಟ್ಟು ಒಂದು ಶನಿವಾರ ಮಗಳನ್ನು ನಿಮ್ಮ ಮನೆಗೆ ಕರೆಸಿಕೊಳ್ಳಬೇಕೆಂದು ಕೋರ್ಟಿಗೆ ಹಾಕಿದ್ದಾನೆ. ವಿಚಾರಿಸಲು ಅಲ್ಲಿಂದ ಒಬ್ಬರು ನಿಮ್ಮ ಬಳಿ ಬರುತ್ತಾರೆ. ನೀವು ಕಂಡದ್ದು, ಕೇಳಿದ್ದು, ಅಷ್ಟನ್ನೇ ಹೇಳಿ. ಬೇರೇನೂ ನಾನು ಕೇಳುವುದಿಲ್ಲ.

ಮಂಡಿಗೆ ಬಿಸಿನೀರಿನ ಶಾಖ ಕೊಡುವುದನ್ನು ಬಿಡಬೇಡಿ.

ಪೇಯ್‌ರು


ಪುತಾಯ್, ಮಾರ್ಚ್ 24

ಪೇಯ್‌ರು,

ಮಂಡಿ ವಿಚಾರಿಸಿದೆಯಲ್ಲ, ದೊಡ್ಡ ಉಪಕಾರವಾಯಿತು. ಹೇಳದೆ ಕೇಳದೆ ಮಗುವನ್ನು ಎತ್ತಿಕೊಂಡು ಹೋದ ದಿನ ಈ ಮಂಡಿಯಲ್ಲೇ ಬಸ್ ನಿಲ್ದಾಣದ ತನಕ ಓಡಿದ್ದೆ. ಆಗ ಯಾರೂ ವಿಚಾರಿಸಲಿಲ್ಲ.

ಮಗುವನ್ನು ಆಡಿಸುವುದಕ್ಕೂ ಒಬ್ಬ ಟೀಚರಂತೆ! ನಾನು ಈ ಜಗಲಿಯಲ್ಲಿ ಸಿಂಪಿಯ ಚಿಪ್ಪು ಬಿಡಿಸಿ ಮಾಂಸ ತೆಗೆಯುತ್ತಾ ಎಷ್ಟು ಮಕ್ಕಳನ್ನು ಆಡಿಸಿಲ್ಲ, ನನಗೆ ಯಾರು ಸಂಬಳ ಕೊಟ್ಟರು? ಅಕ್ಕಿಯಲ್ಲಿ ನಾಯಿ ಕಂಡಿತು, ನಾಯಿ ಅಂದೆ. ಅಕ್ಕಿ ನನ್ನ ಮಾತು ಕೇಳುತ್ತದೆಯೇ? ಆ ಕರಿಯನಿಗೆ ಮಗು ಹೆದರುತ್ತಿದೆ ಎಂದೇ ಸಾಕಿದ ನಾಯಿಯನ್ನು ಮೀನುಕೊಳದ ಸ್ವೇಗೆ ಕೊಟ್ಟುಬಿಟ್ಟೆ. ಇನ್ನೇನು ಮಾಡಬೇಕಿತ್ತು?

ನನ್ನ ಮಗ ಕುವೊಚೆನ್ ಸಿಡುಕ, ನಾನೂ ಒಪ್ಪುತ್ತೇನೆ. ಕುಡಿದಾಗ ಅವನ ಕೈ ಅವನ ಮಾತು ಕೇಳುವುದಿಲ್ಲ. ಆದರೆ ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂದು ನಾವೆಲ್ಲ ಬಾಳಿದವರು. ನನ್ನ ಗಂಡ ನನಗೆ ಹೊಡೆಯಲಿಲ್ಲವೇ? ನಾನು ಗಂಟುಮೂಟೆ ಕಟ್ಟಿದೆನೇ? ಮಗಳ ಮೇಲಂತೂ ಅವನು ಒಂದು ದಿನವೂ ಕೈ ಎತ್ತಿದವನಲ್ಲ. ಎದೆ ಮುಟ್ಟಿ ಹೇಳು, ಎತ್ತಿದ್ದನೇ?

ಕೋರ್ಟಿನ ಹುಡುಗಿ ಮೊನ್ನೆಯೇ ಬಂದು ಹೋದಳು. ಪಾಪ, ಬಿಸಿಲಲ್ಲಿ ಬಂದಿದ್ದಳು, ಟೀ ಕೊಟ್ಟೆ. "ಮಗುವಿಗೆ ಅಪ್ಪನ ಭಯ ಇದೆಯಾ ಅಜ್ಜಿ?" ಎಂದಳು. "ಅಪ್ಪ ಅಂದ್ರೆ ಪ್ರಾಣ ಬಿಡ್ತಾಳೆ. ಅವಳಿಗಿರೋದು ನಾಯಿ ಭಯ, ಆ ನಾಯಿ ಈಗ ಮನೇಲಿಲ್ಲ" ಎಂದೆ. ಬರೆದುಕೊಂಡಳು. ಸಹಿ ಹಾಕಿದೆ.

ಅವನು ಈಗ ತಾಯ್‌ಚುಂಗ್‌ನಲ್ಲಿ ಕಟ್ಟಡದ ಕೆಲಸದಲ್ಲಿದ್ದಾನೆ. ಶನಿವಾರ ಬರುತ್ತಾನೆ. ಮಹಡಿಯ ಮೇಲೆ ಒಬ್ಬನೇ ಕೂತಿರುತ್ತಾನೆ. ಹೆತ್ತವರಿಗೆ ಹೆಗ್ಗಣ ಮುದ್ದು, ಹೌದಮ್ಮ, ನನಗೆ ಮುದ್ದೇ. ನಾನು ಸತ್ತ ಮೇಲೆ ನನ್ನ ಹೆಸರಿಗೆ ಊದುಬತ್ತಿ ಹಚ್ಚುವವನು ಅವನೊಬ್ಬನೇ.

ಒಣಮೀನು ಕಳಿಸಿದ್ದೇನೆ. ಮಗುವಿಗೆ ಮುಳ್ಳು ತೆಗೆದು ಕೊಡು.

ಆ-ತ್ವಾನ್


ಏಪ್ರಿಲ್ 20

ಅತ್ತೆ,

ನೀವು ಸಹಿ ಹಾಕಿದ್ದನ್ನು ಓದಿದೆ. ಒಳ್ಳೆಯ ಕೆಲಸ ಮಾಡಿದಿರಿ.

ಎದೆ ಮುಟ್ಟಿ ಹೇಳು ಎಂದಿರಿ. ಹೇಳುತ್ತೇನೆ. ಅವಳ ಮೈಮೇಲೆ ಒಂದು ಗೀರೂ ಇಲ್ಲ. ಇಷ್ಟು ವರ್ಷ ನಾನೂ ಅದನ್ನೇ ಜಪ ಮಾಡಿಕೊಂಡು ಆ ಮನೆಯಲ್ಲಿದ್ದೆ. ಏಟೆಲ್ಲ ನನಗೇ ಬೀಳಲಿ, ಮಗು ಕ್ಷೇಮವಾಗಿದೆಯಲ್ಲ ಎಂದು. ಎಂಥ ದಡ್ಡಿ ನಾನು! ಅಮ್ಮನಿಗೆ ಬಿದ್ದ ಏಟನ್ನು ನೋಡುತ್ತಾ ಕೂತ ಮಗು ಅದನ್ನು ತನ್ನೊಳಗೇ ಇಟ್ಟುಕೊಳ್ಳುತ್ತದೆ ಎಂದು ಲಾಯ್ ಟೀಚರ್ ಹೇಳಿದಾಗ ಅವರ ಮುಂದೆಯೇ ಗೊಳೋ ಎಂದು ಅತ್ತುಬಿಟ್ಟೆ.

ಶನಿವಾರದ ವಿಷಯ ಅವಳ ಕಿವಿಗೆ ಹೇಗೋ ಬಿದ್ದಿದೆ. ಮತ್ತೆ ಹಾಸಿಗೆಯಲ್ಲಿ ಉಚ್ಚೆ ಹೊಯ್ದುಕೊಳ್ಳುತ್ತಿದ್ದಾಳೆ. ಅಂಗಿಯ ಕಾಲರ್ ಅಗಿದು ಅಗಿದು ತೂತು ಮಾಡಿದ್ದಾಳೆ. "ಅಜ್ಜಿ ಮನೆಗೆ ಹೋಗ್ತೀಯಾ ಪುಟ್ಟಿ?" ಎಂದರೆ "ಹೂಂ" ಅನ್ನುತ್ತಾಳೆ. ಯಾರು ಏನು ಕೇಳಿದರೂ "ಹೂಂ" ಅನ್ನುವ ಮಗುವಾಗಿಬಿಟ್ಟಿದ್ದಾಳೆ. ಜೂನ್ ಕೊನೆಗೆ ತೀರ್ಪು. ಅವಳು ಬಾಯಿ ಬಿಡುವುದಿಲ್ಲ. ನಾನು ಹೇಳಿದರೆ ಗಂಡನ ಮೇಲಿನ ಸಿಟ್ಟಿಗೆ ಹೇಳುತ್ತಿದ್ದೇನೆ ಅನ್ನುತ್ತಾರೆ. ನಿಮ್ಮ ಮಾತು ಗೆದ್ದಿದೆ.

ಒಣಮೀನಿನ ಮುಳ್ಳು ತೆಗೆದೇ ಕೊಟ್ಟೆ. "ಅಜ್ಜಿ ಮೀನು" ಎಂದು ಗುರುತು ಹಿಡಿದು ತಿಂದಳು.

ಪೇಯ್‌ರು


ಮೇ 9

ಅಜ್ಜಿಗೆ,

ನಾನು ಆನ್‌ಆನ್. ಇದನ್ನು ಲಾಯ್ ಟೀಚರ್ ಕೋಣೆಯಲ್ಲಿ ಕೂತು ಬರೀತಾ ಇದ್ದೀನಿ. ಅಮ್ಮನಿಗೆ ತೋರಿಸಲಿಲ್ಲ.

ಕರಿಯ ಹೇಗಿದ್ದಾನೆ? ಸ್ವೇ ಮಾಮ ಅವನಿಗೆ ಮೀನಿನ ತಲೆ ಕೊಡ್ತಾರಾ?

ಅಜ್ಜಿ, ಕರಿಯ ನನಗೆ ಏನೂ ಮಾಡಿಲ್ಲ. ಮೇಲೆ ಸದ್ದು ಆಗುವಾಗ ಅವನು ಮೆಟ್ಟಿಲ ಮೇಲೆ ನನ್ನ ಪಕ್ಕ ಕೂತಿದ್ದ. ಅವನಿಗೂ ಮೈ ನಡುಗುತ್ತಿತ್ತು. ನೀನು ನಾಯಿ ಅಂದಾಗ ನಾನು ಅಲ್ಲ ಅನ್ನಲಿಲ್ಲ. ಸ್ವೇ ಮಾಮ ಹಗ್ಗ ಕಟ್ಟಿ ಎಳೆದಾಗ ಅವನು ನನ್ನನ್ನೇ ನೋಡಿದ. ನಾನು ಟಿವಿ ನೋಡ್ತಾ ಕೂತೆ. ನಾನು ಕೆಟ್ಟವಳು ಅಂತ ಟೀಚರಿಗೆ ಹೇಳಿದೆ. "ಅದು ಹೌದಾ ಅಂತ ಯಾರನ್ನಾದ್ರೂ ಕೇಳ್ಬೇಕು ಅನ್ಸುತ್ತಾ?" ಅಂದರು. ನಿನ್ನ ಹೆಸರು ಹೇಳಿದೆ.

ಕರಿಯನಿಗೆ ನಾನು ಸಾರಿ ಹೇಳಿದೆ ಅಂತ ಹೇಳು. ಕಿವಿ ಹತ್ತಿರ ಹೇಳು, ದೂರದಿಂದ ಹೇಳಿದ್ರೆ ಕೇಳಲ್ಲ.

ಅಜ್ಜಿ, ಅಕ್ಕಿ ಸುಳ್ಳು ಹೇಳುತ್ತಾ?

ಆನ್‌ಆನ್


ಪುತಾಯ್, ಮೇ 21

ಲಾಯ್ ಟೀಚರ್ ಅವರಿಗೆ,

ನಾನು ಆನ್‌ಆನ್‌ಳ ಅಜ್ಜಿ, ಅಪ್ಪನ ತಾಯಿ. ನಿಮ್ಮ ಕೆಲಸವನ್ನು ಆಡಿಕೊಂಡು ಸೊಸೆಗೆ ಬರೆದಿದ್ದೆ. ಅವಳು ನಿಮಗೆ ಹೇಳಿರದಿದ್ದರೆ ಸಾಕು.

ಮಗುವಿನ ಪತ್ರ ಬಂದ ದಿನ ಚಿಪ್ಪು ಬಿಡಿಸುವ ಚಾಕು ಕೈಗೆ ನಾಟಿತು. ಪಕ್ಕದ ಮನೆಯವಳು "ಏನ್ ಆ-ತ್ವಾನಕ್ಕಾ, ವಯಸ್ಸಾಯ್ತು, ಕಣ್ಣು ಹೋಯ್ತಾ?" ಎಂದು ರೇಗಿಸಿದಳು. "ಕಣ್ಣು ಯಾವತ್ತು ಇತ್ತು ಬಿಡೇ" ಎಂದೆ. ಅವಳು ನಕ್ಕಳು.

ಚಾಕು ಅಲ್ಲೇ ಬಿಟ್ಟು ಮೀನುಕೊಳಕ್ಕೆ ಹೋದೆ. ಕರಿಯನ ಕಿವಿಯ ಹತ್ತಿರ ಹೇಳಬೇಕಿತ್ತಲ್ಲ. ಸ್ವೇ ತಲೆ ಕೆರೆದುಕೊಂಡ. "ಅಯ್ಯೋ ಅಕ್ಕಾ, ಅದು ಹೋಗಿ ಎಷ್ಟು ಕಾಲ ಆಯ್ತು. ಹೋದ ಚಳಿಗಾಲದಲ್ಲಿ ಮೀನೆಲ್ಲಾ ಸತ್ತು ತೇಲಿದ್ವಲ್ಲ, ಆ ಚಳೀಲೇ ಹೋಯ್ತು. ಮನೆ ನಾಯಿ ಅದು, ಬಯಲಲ್ಲಿ ಕಟ್ಟಿದ್ರೆ ತಡ್ಯುತ್ತಾ?" ಎಂದ. ಅವನ ತಪ್ಪೇನಿದೆ? ಕೊಟ್ಟವಳು ನಾನು.

ನೀವು ಕಲಿತವರು, ನಂಬುತ್ತೀರೋ ಇಲ್ಲವೋ. ನನ್ನ ಅತ್ತೆ ನನಗೆ ಕಲಿಸಿದ ವಿದ್ಯೆ ಇದು. ಹೆದರಿದ ಮಗುವಿನ ಜೀವ ಮೈಬಿಟ್ಟು ಅಲೆಯುತ್ತದೆ, ಹೆಸರು ಹಿಡಿದು ಕರೆದರೆ ಮರಳಿ ಬರುತ್ತದೆ. ಬಂದದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಸಾವಿನ ಮನೆ ಕಂಡು ಬೆದರಿದ ಮಗು, ಲಾರಿಗೆ ಬೆದರಿದ ಮಗು ನನ್ನ ತೊಡೆಯ ಮೇಲೆ ನಿದ್ದೆ ಹೋಗಿವೆ. ಅಂಗಿ ಬಿಚ್ಚಿ ನೋಡಿದರೆ ಅಕ್ಕಿಯಲ್ಲಿ ಒಂದು ಹಳ್ಳ, ಒಂದು ದಿಣ್ಣೆ ಕಾಣುತ್ತದೆ. ಅದಕ್ಕೆ ಹೆಸರಿಡುವವಳು ನಾನು. ಮೊಮ್ಮಗಳ ಅಂಗಿ ಬಿಚ್ಚಿದಾಗ ಹೆಸರು ನನ್ನ ನಾಲಿಗೆಯ ತುದಿಯಲ್ಲೇ ಇತ್ತು. ನನ್ನ ಮಗ ಮೇಲೆ ಮಲಗಿದ್ದ. ಕರಿಯ ಬಾಗಿಲಲ್ಲಿ ಬಾಲ ಆಡಿಸುತ್ತಿದ್ದ. ನಾಯಿ ಅಂದುಬಿಟ್ಟೆ. ಒಮ್ಮೆ ಅಂದ ಮೇಲೆ ಅದೇ ಸಲೀಸಾಯಿತು.

ಅಕ್ಕಿ ಸುಳ್ಳು ಹೇಳುತ್ತದೆಯೇ ಎಂದು ಕೇಳಿದ್ದಾಳೆ. ನನ್ನ ಸುಳ್ಳನ್ನು ಹೊಟ್ಟೆಯಲ್ಲಿಟ್ಟುಕೊಂಡು ಆ ಕೂಸು ತಾನೇ ಪಾಪಿ ಎಂದುಕೊಂಡಿದೆ. ನಾಯಿ ಸತ್ತಿದ್ದನ್ನು ಅವಳಿಗೆ ಹೇಗೆ ಹೇಳಲಿ? ಚೆನ್ನಾಗಿದ್ದಾನೆ ಎಂದು ಬರೆಯಲು ಪೆನ್ನು ಹಿಡಿದೆ, ಕೈ ಬರಲಿಲ್ಲ. ಬಾಯಿ ಬಿಟ್ಟರೆ ಮಗ ಹೋಗುತ್ತಾನೆ, ಬಿಡದಿದ್ದರೆ ಮೊಮ್ಮಗಳು ಹೋಗುತ್ತಾಳೆ. ನಾನು ಅಲ್ಲಿಗೆ ಬರಬಹುದೇ? ಬಂದರೆ ಏನು ಮಾಡಬೇಕು?

ಕೈಮುಗಿದು ಕೇಳುತ್ತಿರುವ,
ಆ-ತ್ವಾನ್


ಜೂನ್ 2

ಅಜ್ಜಿ,

ಬನ್ನಿ. ಆನ್‌ಆನ್‌ಳನ್ನೂ ಅವಳ ತಾಯಿಯನ್ನೂ ಕೇಳಿದ್ದೇನೆ, ಇಬ್ಬರೂ ಒಪ್ಪಿದ್ದಾರೆ. ಈ ಸಲ "ಹೂಂ" ಅನ್ನುವ ಮೊದಲು ಮಗು ತುಂಬಾ ಹೊತ್ತು ಯೋಚಿಸಿತು. ಆ ಯೋಚನೆ ನೋಡಿ ನನಗೆ ಸಮಾಧಾನವಾಯಿತು.

ಕೆಲವು ಮಾತು ನೀವು ನಡೆಸಿಕೊಡಬೇಕು. ನಿಮ್ಮ ಮಗನಿಗೆ ಮೊದಲೇ ತಿಳಿಸಬೇಡಿ. ಊರಿನ ಹೆಸರು ಯಾರಿಗೂ ಬೇಡ, ನಮ್ಮವರೇ ನಿಮ್ಮನ್ನು ಕರೆತರುತ್ತಾರೆ. ನಾಯಿ ಸತ್ತಿದ್ದನ್ನು ಸತ್ತಿತು ಎಂದೇ ಹೇಳಿ. ಕ್ಷಮಿಸು ಎಂದು ಮಗುವನ್ನು ಬೇಡಬೇಡಿ, ಕ್ಷಮಿಸುವ ಭಾರವನ್ನೂ ಅದರ ತಲೆಗೆ ಹಾಕುವುದು ಬೇಡ. ಅಳು ಬಂದರೆ ಅಳಿ, ಆದರೆ ಅವಳು ನಿಮ್ಮನ್ನು ಸಮಾಧಾನ ಮಾಡುವ ಹಾಗೆ ಮಾಡಬೇಡಿ. ಅಪ್ಪನನ್ನು ಬಯ್ಯುವುದೂ ಬೇಡ. ಅವಳಿಗೆ ಅಪ್ಪನ ಮೇಲೆ ಪ್ರೀತಿಯೂ ಇದೆ, ಅದನ್ನು ಅವಳಿಗೇ ಬಿಡಿ.

ನಿಮ್ಮ ವಿದ್ಯೆಯ ಬಗ್ಗೆ ನಾನು ಏನು ಹೇಳಲಿ? ಹೆದರಿದ ಮಗುವನ್ನು ಹೆಸರು ಹಿಡಿದು ಕರೆಯುವ ಕೆಲಸ ನನ್ನದೂ ಹೌದು. ಭಯಕ್ಕೆ ಸರಿಯಾದ ಹೆಸರು ಸಿಗುವ ತನಕ ಕಾಯುತ್ತೇನೆ, ಅಷ್ಟೇ.

ಗೌರವದಿಂದ,
ಲಾಯ್


ಪುತಾಯ್, ಜೂನ್ 17

ಮಗ ಕುವೊಚೆನ್‌ಗೆ,

ಫೋನಿನಲ್ಲಿ ಹೇಳಿದರೆ ನೀನು ಕೂಗುತ್ತೀ, ನಾನು ಹೆದರಿ ಮಾತು ಬದಲಿಸುತ್ತೇನೆ. ಅದಕ್ಕೇ ಬರೆಯುತ್ತಿದ್ದೇನೆ. ಹರಿದು ಹಾಕುವ ಮೊದಲು ಓದು.

ನಿನ್ನ ಮಗಳನ್ನು ನೋಡಿ ಬಂದೆ. ಎಲ್ಲಿ ಎಂದು ಕೇಳಬೇಡ, ಹೇಳುವುದಿಲ್ಲ. ಗೇಣುದ್ದ ಬೆಳೆದಿದ್ದಾಳೆ, ಮುಂದಿನ ಹಲ್ಲು ಬಿದ್ದಿದೆ. ಆಟದ ಕೋಣೆಯ ಮೂಲೆಯಲ್ಲಿ ಆ ಟೀಚರ್ ಸುಮ್ಮನೆ ಕೂತಿದ್ದರು. ಎಷ್ಟು ಚಿಕ್ಕ ಹುಡುಗಿ! ನಾನು ಯಾರೋ ಮುದುಕಿ ಎಂದು ಎಣಿಸಿದ್ದೆ.

ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡದ್ದನ್ನು ಒಂದೇ ಉಸಿರಿಗೆ ಹೇಳಿಬಿಟ್ಟೆ. "ಕರಿಯ ಚಳಿಯಲ್ಲಿ ಸತ್ತುಹೋದ ಪುಟ್ಟೀ. ಅವನು ಏನೂ ತಪ್ಪು ಮಾಡಿರ್ಲಿಲ್ಲ. ನೀನೂ ಮಾಡಿಲ್ಲ. ಅಕ್ಕಿ ಸುಳ್ಳು ಹೇಳ್ಲಿಲ್ಲ, ಅಜ್ಜಿ ಹೇಳಿದ್ದು. ನಾಯಿ ಅಲ್ಲ ಅಂತ ಅಜ್ಜಿಗೆ ಗೊತ್ತಿತ್ತು."

"ಸತ್ತೇಹೋದ್ನಾ?" ಎಂದಳು. "ಹೌದು" ಎಂದೆ. ನನಗೆ ಬೆನ್ನು ಮಾಡಿ ಕೂತು ಮರಳಲ್ಲಿ ಒಂದು ಗುಂಡಿ ತೋಡಿದಳು, ಮುಚ್ಚಿದಳು. ಮತ್ತೆ ತೋಡಿದಳು, ಮತ್ತೆ ಮುಚ್ಚಿದಳು. ಹೋಗಿ ತಬ್ಬಿಕೊಳ್ಳಬೇಕೆಂದು ಏಳಲು ಹೋದೆ. ಟೀಚರ್ ಬೇಡವೆಂದು ತಲೆಯಾಡಿಸಿದರು. ಮುಗಿಯಿತು, ಈ ಜನ್ಮದಲ್ಲಿ ಇವಳು ನನ್ನ ಕಡೆ ತಿರುಗುವುದಿಲ್ಲ ಎಂದುಕೊಂಡೆ.

ಆಮೇಲೆ ಎದ್ದು ಬಂದು, "ಅಜ್ಜಿ, ನಿನ್ನ ಮೇಲಂಗಿ ಬಿಚ್ಚಿಕೊಡು" ಎಂದಳು.

ಬಿಚ್ಚಿಕೊಟ್ಟೆ. ಲೋಟಕ್ಕೆ ಮರಳು ತುಂಬಿ, ಅಂಗೈಯಲ್ಲಿ ಮಟ್ಟ ಮಾಡಿ, ನನ್ನ ಅಂಗಿಯಲ್ಲಿ ಕಟ್ಟಿದಳು. ಗಂಟು ಸರಿಯಾಗಿಯೇ ಹಾಕಿದಳು. ನನ್ನ ನೆತ್ತಿಗೆ ಸುತ್ತಿಸಿದಳು, ಎದೆಗೆ ಸುತ್ತಿಸಿದಳು. "ಆ-ತ್ವಾನ್, ಬಾ, ಹೆದರ್ಬೇಡ, ಮನೆಗೆ ಬಾ" ಎಂದಳು. ನನ್ನನ್ನು ಬರೀ ಹೆಸರು ಹಿಡಿದು ಕರೆದವರೆಲ್ಲ ಸತ್ತು ಹೋಗಿ ಎಷ್ಟೋ ಕಾಲವಾಗಿತ್ತು ಮಗನೇ. ಬಟ್ಟೆ ಬಿಚ್ಚಿ, ಒಂದು ಕಣ್ಣು ಕಿರಿದು ಮಾಡಿ ನೋಡಿದಳು. ನಾಯಿ ಅನ್ನುತ್ತಾಳೆ ಎಂದು ಕಾದೆ. ಅವಳು ನೋಡುತ್ತಲೇ ಇದ್ದಳು.

"ಅಪ್ಪ" ಎಂದಳು.

ನನ್ನ ಮುಖ ನೋಡಿ, "ಅಜ್ಜಿ, ನಿಂಗೂ ಅಪ್ಪನ್ನ ಕಂಡ್ರೆ ಭಯ" ಎಂದಳು.

ಅಲ್ಲ ಅನ್ನಲು ಬಾಯಿ ತೆರೆದೆ. ಹೆತ್ತ ಮಗನಿಗೆ ತಾಯಿ ಹೆದರುತ್ತಾಳೆಂದರೆ ಯಾರಾದರೂ ನಂಬುತ್ತಾರೆಯೇ? ಆದರೆ ನಿನ್ನ ಬೈಕಿನ ಸದ್ದು ಕೇಳಿದರೆ ನಾನು ಟಿವಿ ಸಣ್ಣಗೆ ಮಾಡುತ್ತೇನೆ. ನೀನು ಮೆಟ್ಟಿಲು ಹತ್ತುವ ರೀತಿಯಲ್ಲೇ ಎಷ್ಟು ಕುಡಿದಿದ್ದೀ ಎಂದು ಅಳೆಯುತ್ತೇನೆ. ಅದನ್ನು ಇಷ್ಟು ದಿನ ಮಮತೆ ಎಂದು ಕರೆದುಕೊಂಡಿದ್ದೆ. "ಹೌದು ಪುಟ್ಟೀ, ಭಯ" ಎಂದೆ. "ನಂಗೂ" ಎಂದಳು. ಅಷ್ಟೇ. ಹಸಿವಾಗುತ್ತಿದೆ ಎಂದು ಅಮ್ಮನ ಹತ್ತಿರ ಓಡಿದಳು. ಟೀಚರ್ ಕಣ್ಣು ಒರೆಸಿಕೊಳ್ಳುತ್ತಿದ್ದರು. ನಾನು ಅಂಗಿ ಕೊಡವಿ ಹಾಕಿಕೊಂಡೆ.

ಅಲ್ಲಿಂದ ನೇರ ಕೋರ್ಟಿಗೆ ಹೋಗಿ, ಮೊದಲು ಹೇಳಿದ್ದು ಸುಳ್ಳು ಎಂದು ಹೇಳಿ ಬಂದೆ. ಮಹಡಿಯಿಂದ ಕೇಳಿದ್ದನ್ನೆಲ್ಲ ಹೇಳಿದೆ. ಮೆಟ್ಟಿಲ ಮೇಲೆ ಯಾರು ಕೂತಿರುತ್ತಿದ್ದರು ಎಂದೂ ಹೇಳಿದೆ. ಶನಿವಾರ ನನ್ನ ಮನೆಗೆ ಮಗುವನ್ನು ಕಳಿಸಬೇಡಿ, ಕಾಯುವ ಶಕ್ತಿ ನನಗಿಲ್ಲ ಎಂದೆ. ನಿನಗೆ ಹೊಟ್ಟೆ ಉರಿಯುತ್ತದೆ. ಉರಿಯಲಿ.

ಇನ್ನೊಂದು ಮಾತಿದೆ. ಅದನ್ನು ಬರೆಯಲು ನನಗೆ ಹೆಚ್ಚು ಕಷ್ಟ. ನೀನು ಆನ್‌ಆನ್‌ಗಿಂತ ಚಿಕ್ಕವನಿದ್ದೆ. ನಿನ್ನಪ್ಪ ಕುದಿಯುವ ಮೀನುಗಂಜಿಯ ಪಾತ್ರೆ ನನ್ನ ಮೇಲೆ ಎಸೆದ. ನೀನು ಮೇಜಿನ ಕೆಳಗಿದ್ದೆ. ಅಂದಿನಿಂದ ನೀನು ನಿದ್ದೆ ಮಾಡಲಿಲ್ಲ, ಮಾತು ತೊದಲಿತು. ನಾನು ಸುಟ್ಟ ಕೈಯಲ್ಲೇ ನಿನ್ನ ಅಂಗಿ ಕಟ್ಟಿದೆ, ಹೆಸರು ಹಿಡಿದು ಕರೆದೆ, ಬಿಚ್ಚಿ ನೋಡಿದೆ. ಹೊಸವರ್ಷ ಹತ್ತಿರವಿತ್ತು. "ಪಟಾಕಿಗೆ ಹೆದರಿದಾನೆ" ಎಂದೆ. ನೀನು ನನ್ನ ಮುಖವನ್ನೇ ನೋಡುತ್ತಿದ್ದೆ, "ಅಲ್ಲ" ಅನ್ನಲಿಲ್ಲ. ಅದು ಪಟಾಕಿಯಲ್ಲ ಕುವೊಚೆನ್. ಅದು ನಿನ್ನಪ್ಪ. ನನಗೆ ಗೊತ್ತಿತ್ತು. ಆಗ ಹೇಳಿದ್ದರೆ ನಿನ್ನ ಕೈ ಇಂದು ಹೀಗಿರುತ್ತಿತ್ತೋ ಇಲ್ಲವೋ, ನಾನರಿಯೆ. ಹೇಳಲಿಲ್ಲ ಎಂಬುದಷ್ಟೇ ನಿಜ. ಹಾಗೆಂದು ನೀನು ಮಾಡಿದ್ದೆಲ್ಲ ನನ್ನ ಲೆಕ್ಕಕ್ಕೆ ಬರುವುದಿಲ್ಲ. ಹೊಡೆದವನು ನೀನು.

ನಿನ್ನಂಥವರ ಜೊತೆ ಕೂತು ಮಾತಾಡುವವರೂ ಇದ್ದಾರಂತೆ. ಫೋನ್ ನಂಬರ್ ಈ ಹಾಳೆಯ ಹಿಂದೆ ಬರೆದಿದ್ದೇನೆ. ಹೋಗುತ್ತೀಯೋ ಬಿಡುತ್ತೀಯೋ ನಿನಗೆ ಬಿಟ್ಟದ್ದು.

ಶನಿವಾರ ನೀನು ಬಂದು ಬಾಗಿಲು ಬಡಿಯುತ್ತೀ, ನನಗೆ ಗೊತ್ತು. ಬೀಗ ಬದಲಾಯಿಸಿದ್ದೇನೆ. ನಾನು ಒಳಗೇ ಇರುತ್ತೇನೆ, ಅಳುತ್ತಿರುತ್ತೇನೆ. ನೀನು ಕೂಗಿದರೆ ನಡುಗುತ್ತೇನೆ. ಕೂಗದೆ, ಚಿಕ್ಕವನಿದ್ದಾಗ ಕರೆಯುತ್ತಿದ್ದ ಹಾಗೆ "ಅಮ್ಮಾ" ಎಂದು ಮೆಲ್ಲಗೆ ಕರೆದರೆ ಜೀವವೇ ಹೋದಂತಾಗುತ್ತದೆ. ಆದರೂ ಬಾಗಿಲು ತೆಗೆಯುವುದಿಲ್ಲ.

ನಿನ್ನ ತಾಯಿ,
ಆ-ತ್ವಾನ್